ಒಂದು ನೂಲು, ಐವತ್ತು ಓಂ

ನಾನು ಮ್ಯಾಚಿಂಗ್ ಕೆಲಸ ಮಾಡ್ತೀನಿ ಅಂತ ದೊಡ್ಡಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಬಸವೇಶ್ವರನಗರದಲ್ಲಿ ನಾನಿದ್ದದ್ದು ಅವರ ಮನೆಯಲ್ಲಿ. 'ಇಂಪೀಡೆನ್ಸ್ ಮ್ಯಾಚಿಂಗ್' ಅನ್ನುವ ಎರಡು ಪದಗಳಲ್ಲಿ ಮೊದಲನೆಯದು ಅವರ ಕಿವಿಯಿಂದ ಜಾರಿಬಿತ್ತು, ಎರಡನೆಯದು ಗಟ್ಟಿಯಾಗಿ ಅಂಟಿಕೊಂಡಿತು. ವಾರ ಕಳೆಯುವುದರೊಳಗೆ ಪಕ್ಕದ ಮನೆ ಆಂಟಿ ರೇಷ್ಮೆ ಸೀರೆಯ ಸೆರಗು ಹಿಡಿದು ನಮ್ಮ ಗೇಟಿನ ಹತ್ತಿರ ನಿಂತಿದ್ದರು.

"ಈ ಕಲರಿಗೆ ಬ್ಲೌಸ್ ಪೀಸು ನಿಮ್ಮಲ್ಲಿ ಸಿಗುತ್ತಾ ನೋಡಮ್ಮ. ರಾಜಾಜಿನಗರದಲ್ಲಿ ನಿಮ್ದು ದೊಡ್ಡ ಮ್ಯಾಚಿಂಗ್ ಸೆಂಟರ್ ಅಂತಲ್ಲ."

"ಅಂಗಡಿ ಅಲ್ಲ ಆಂಟಿ, ಸರ್ಕ್ಯೂಟ್ ಬೋರ್ಡ್ ಮಾಡೋ ವರ್ಕ್‌ಶಾಪು."

"ಹೌದಾ. ಅಲ್ಲಿ ಸೀರೆಗೆ ಫಾಲ್ಸ್ ಹಾಕಲ್ವಾ ಹಾಗಾದ್ರೆ?"

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಮಿಷನ್ನುಗಳ ಸದ್ದಿನ ನಡುವೆ, ಶೀಟ್ ಹೊದಿಸಿದ ಒಂದು ಉದ್ದನೆಯ ಕೊಠಡಿ. ಅದೇ ನಮ್ಮ ವರ್ಕ್‌ಶಾಪು. ಮೈಕ್ರೋವೇವ್ ಸಿಗ್ನಲ್ ಹಾಯುವ ಬೋರ್ಡುಗಳನ್ನು ಅಲ್ಲಿ ಮಾಡುತ್ತಿದ್ದರು. ಯಜಮಾನರು ಹೊಸದಾಗಿ ಒಂದು ಕಂಪ್ಯೂಟರ್ ಕೊಂಡರು. ಕಂಪ್ಯೂಟರ್ ಬಂದಮೇಲೆ ಅದರ ಮುಂದೆ ಕೂರುವುದಕ್ಕೆ ಒಬ್ಬರು ಬೇಕಲ್ಲ ಅಂತ ನನ್ನನ್ನು ತೆಗೆದುಕೊಂಡರು. ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕೂತಿದ್ದೆ, ಸಿಕ್ಕಿದ್ದೇ ಪುಣ್ಯ ಅಂತ ಸೇರಿದೆ. ಆರು ತಿಂಗಳು ಟ್ರಯಲ್, ಆಮೇಲೆ ನೋಡೋಣ ಅಂದಿದ್ದರು. ಆ 'ನೋಡೋಣ' ಅನ್ನುವ ಮಾತಿನ ಮೇಲೆ ನನ್ನ ಬೆಂಗಳೂರು ವಾಸ ನಿಂತಿತ್ತು. ಕೆಲಸ ಉಳಿಯದಿದ್ದರೆ ಹಾಸಿಗೆ ಸುತ್ತಿಕೊಂಡು ಊರಿಗೆ ಬರಬೇಕು ಅಂತ ಅಪ್ಪ ಮೊದಲೇ ಕರಾರು ಮಾಡಿದ್ದರು.

ಕೆಲಸ ಏನು ಅಂತ ದೊಡ್ಡಮ್ಮನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಬೋರ್ಡಿನ ಮೇಲೆ ತಾಮ್ರದ ಗೆರೆ ಇರುತ್ತದೆ, ಅದು ಸಿಗ್ನಲ್ಲಿನ ರಸ್ತೆ. ಆ ರಸ್ತೆ ಸರಿಯಾದ ಅಗಲ ಇದ್ದರೆ ಅದರ ಇಂಪೀಡೆನ್ಸು ಐವತ್ತು ಓಮ್ ಬರುತ್ತದೆ, ಸಿಗ್ನಲ್ಲು ಸಲೀಸಾಗಿ ಆಚೆ ತುದಿ ಸೇರುತ್ತದೆ. ಅಗಲ ತಪ್ಪಿದರೆ ಒಂದಷ್ಟು ಸಿಗ್ನಲ್ಲು ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂದಕ್ಕೆ ತಿರುಗಿಬಿಡುತ್ತದೆ. ಎಷ್ಟು ಅಗಲ ಬೇಕು ಅನ್ನುವುದನ್ನು ಹೇಳಲು ಒಂದು ಪುಟ್ಟ ಸಾಫ್ಟ್‌ವೇರ್ ಇತ್ತು. ಪರದೆಯ ಮೇಲೆ ನಾಲ್ಕಾರು ಚೌಕ. ಹಲಗೆಯ ದಪ್ಪ ಎಷ್ಟು, ಹಲಗೆ ಯಾವ ವಸ್ತುವಿನದು ಅನ್ನುವುದಕ್ಕೊಂದು ನಂಬರು, ಎಷ್ಟು ಓಮ್ ಬೇಕು, ಇಷ್ಟು ತುಂಬಿ ಬಟನ್ ಒತ್ತಿದರೆ ಅಗಲ ಬಂದು ಕೂರುತ್ತಿತ್ತು. ಇಷ್ಟೇ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುವಂತೆ ನಾನು ಒಂದೇ ಲೆಕ್ಕವನ್ನು ದಿನಕ್ಕೆ ಹತ್ತು ಸಲ ಮಾಡುತ್ತಿದ್ದೆ.

ಆ ಲೆಕ್ಕವನ್ನು ಗೆರೆ ಮಾಡುವವರು ಬೇರೆ ಇದ್ದರು. ಎಲ್ಲರೂ ಅವರನ್ನು ಅಜ್ಜಾರು ಅನ್ನುತ್ತಿದ್ದರು. ದಾವಣಗೆರೆ ಕಡೆಯವರು, ಹಣೆ ತುಂಬ ವಿಭೂತಿ. ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ ಗೆರೆಗಳ ನಕ್ಷೆ ಮಾಡುವುದು ಅವರ ಕೆಲಸ. ಆ ಟೇಪು ಎಲ್ಲೆಲ್ಲಿ ಇರುತ್ತದೋ ಬೋರ್ಡಿನಲ್ಲಿ ಅಲ್ಲೆಲ್ಲ ತಾಮ್ರ ಉಳಿಯುತ್ತಿತ್ತು. ಬೆಳಿಗ್ಗೆ ಬಂದವರೇ ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿ ಓಂ ನಮಃ ಶಿವಾಯ ಅಂತ ಜಪ ಮುಗಿಸಿ, ನನ್ನ ಮೇಜಿನ ಹತ್ತಿರ ಹಾದುಹೋಗುವಾಗ ದಿನಾ ಒಂದೇ ಮಾತು ಕೇಳುತ್ತಿದ್ದರು.

"ನಂದು ನೂರಾ ಎಂಟು ಆತು. ನಿಂದು ಐವತ್ತು ಓಂ ಆತೇನವ್ವಾ?"

ನಾನು ಮೊದಲ ಲೆಕ್ಕ ಮಾಡಿದ ದಿನ ಯಜಮಾನರೂ ಬಂದು ಹಿಂದೆ ನಿಂತಿದ್ದರು. ನಾವು ಸದಾ ಬಳಸುವ ಹಸಿರು ಹಲಗೆ, ದಪ್ಪ ಒಂದು ಪಾಯಿಂಟ್ ಆರು ಮಿಲಿಮೀಟರು. ಎಲ್ಲ ತುಂಬಿಸಿದೆ. ಬೆರಳು ಬಟನ್ನಿನ ಹತ್ತಿರ ಹೋಗುವುದರೊಳಗೆ ಆ ಕಡೆ ಮೇಜಿನಿಂದ ಅಜ್ಜಾರು, ತಲೆಯನ್ನೂ ಎತ್ತದೆ, "ಒಂದು ನೂಲು" ಅಂದರು.

ನೂಲು ಅನ್ನುವುದು ಬಡಗಿಗಳ ಅಳತೆ, ಇಂಚಿಗೆ ಎಂಟು ನೂಲು. ನಾನು ಬಟನ್ ಒತ್ತಿದೆ. ಮೂರು ಪಾಯಿಂಟ್ ಸೊನ್ನೆ ಆರು ಮಿಲಿಮೀಟರು ಅಂತ ಬಂತು. ಇಂಚು ಮಾಡಿ, ಎಂಟರಿಂದ ಗುಣಿಸಿ ನೋಡಿದರೆ ಅಜ್ಜಾರ ನೂಲಿಗೂ ಇದಕ್ಕೂ ಒಂದು ಕೂದಲೆಳೆ ವ್ಯತ್ಯಾಸ.

ಯಜಮಾನರು ಪರದೆ ನೋಡಿದರು, ಅಜ್ಜಾರನ್ನು ನೋಡಿದರು. "ಅಜ್ಜಾರು ಇದನ್ನ ಕರೆಂಟ್ ಇಲ್ದೇನೂ ಹೇಳ್ತಾರಲ್ಲಮ್ಮ" ಅಂದರು. ತಮಾಷೆಗೇ ಅಂದದ್ದು. ಆದರೆ ಆ ದಿನ ನನಗೆ ಊಟ ಸೇರಲಿಲ್ಲ. ನಾಲ್ಕು ತಿಂಗಳು ಇದೇ ಕಥೆ. ಯಾವ ಬೋರ್ಡ್ ಬರಲಿ, ಹಲಗೆ ಅದೇ ಹಸಿರು, ನನ್ನ ಸಾಫ್ಟ್‌ವೇರ್ ಮೂರು ಪಾಯಿಂಟ್ ಸೊನ್ನೆ ಆರು ಅನ್ನುವುದು, ಅಜ್ಜಾರು ಒಂದು ನೂಲು ಅನ್ನುವುದು. ಅಜ್ಜಾರು ಹೇಳಿದ್ದನ್ನೇ ಹೇಳುವುದಕ್ಕೆ ಒಂದು ಕಂಪ್ಯೂಟರು, ಅದಕ್ಕೊಬ್ಬಳು ನಾನು. ಇದನ್ನು ಯಜಮಾನರು ಯಾವತ್ತು ಲೆಕ್ಕ ಹಾಕುತ್ತಾರೋ ಅಂತ ನಾನು ಒಳಗೊಳಗೇ ಜಪ ಮಾಡುತ್ತಿದ್ದೆ.

ಐದನೇ ತಿಂಗಳಲ್ಲಿ ದೇವರು ಕಣ್ಣು ಬಿಟ್ಟ. ಹೊಸ ಗಿರಾಕಿಗಳು ತಮ್ಮದೇ ಹಲಗೆ ಕೊಟ್ಟು ಕಳಿಸಿದರು. ಬಿಳಿ ಹಲಗೆ, ನಾನ್‌ಸ್ಟಿಕ್ ಪಾತ್ರೆಗೆ ಬಳಿಯುತ್ತಾರಲ್ಲ, ಆ ಜಾತಿಯ ವಸ್ತು. ಇಲ್ಲಿ ಸುಲಭಕ್ಕೆ ಸಿಗುವುದಲ್ಲ. ಕೊಟ್ಟದ್ದು ಎರಡೇ ಹಾಳೆ, ಬೇಕಾದದ್ದು ಒಂದು ಸ್ಯಾಂಪಲ್. ಯಜಮಾನರು ಅದನ್ನು ನನ್ನ ಮೇಜಿನ ಮೇಲೆ ಇಟ್ಟು, "ಇದು ಪಾಸಾದ್ರೆ ನಿಮ್ದೂ ಪಾಸು" ಅಂದರು. ಪಾಸಾಗದಿದ್ದರೆ ಏನು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಜ್ಜಾರು ಬಂದು ಹಲಗೆಯನ್ನು ಮೂಸಿ ನೋಡಿದರು. "ದೋಸೆ ಕಾವಲಿ" ಅಂತ ಹೆಸರಿಟ್ಟರು.

"ಗೆರೆ ಎಷ್ಟು ಅಗಲ ಅಜ್ಜಾರೆ?" ಅಂತ ಬೇಕೆಂದೇ ಕೇಳಿದೆ.

"ಒಂದು ನೂಲು."

"ಹಲಗೆ ಬೇರೆಯಾದ್ರೂ ಅದೇ ನೂಲಾ?"

"ಹಲಗೆ ಬದಲಾಗ್ತಾವೆ, ಜನ ಬದಲಾಗ್ತಾರೆ. ನೂಲು ಎಲ್ಲಿ ಬದಲಾಗ್ತದವ್ವಾ?"

ನಾನು ಹಿಗ್ಗಿಹೋದೆ. ಬಿಳಿ ವಸ್ತುವಿನ ನಂಬರು ಎರಡು ಪಾಯಿಂಟ್ ಎರಡು. ಅದನ್ನು ತುಂಬಿ ಬಟನ್ ಒತ್ತಿದರೆ ನಾಲ್ಕು ಪಾಯಿಂಟ್ ಒಂಬತ್ತು ಮಿಲಿಮೀಟರು ಬಂತು, ಹೆಚ್ಚುಕಮ್ಮಿ ಒಂದೂವರೆ ನೂಲು. ಪ್ರಿಂಟ್ ತೆಗೆದು ಅಜ್ಜಾರ ಕೈಗೆ ಕೊಟ್ಟೆ. ಪೆನ್ನಿನಲ್ಲಿ ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಅವರು ಕಾಗದವನ್ನೂ ಹಲಗೆಯನ್ನೂ ಒಂದಾದ ಮೇಲೊಂದು ನೋಡಿದರು. "ಇಷ್ಟು ತೆಳ್ಳಗಿನ ಹಲಗೆಗೆ ಇಷ್ಟು ಅಗಲದ ಗೆರೆಯೇನವ್ವಾ? ಕಡ್ಡಿಯಂಥ ವರನಿಗೆ ಗುಡಾಣದಂಥ ಹೆಣ್ಣು ತಂದಂಗೆ ಕಾಣ್ತೈತೆ."

"ಕಂಪ್ಯೂಟರ್ ಜಾತಕ ನೋಡೇ ಹೇಳಿರೋದು ಅಜ್ಜಾರೆ."

"ಆತಪ್ಪ, ರಸ್ತೆ ಅಗಲೀಕರಣ" ಅಂತ ಗೊಣಗಿಕೊಂಡು ಎರಡು ಪಟ್ಟಿ ಟೇಪನ್ನು ಒಂದರ ಮೇಲೊಂದು ಅರ್ಧ ಏರಿಸಿ ಅಂಟಿಸಿದರು. ಬೋರ್ಡ್ ತಯಾರಾಯಿತು. ಯಜಮಾನರು ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಗಿರಾಕಿಗಳ ಲ್ಯಾಬಿಗೆ ಹೋದರು. ಸಿಗ್ನಲ್ಲು ಎಷ್ಟು ಹೋಗುತ್ತದೆ, ಎಷ್ಟು ವಾಪಸ್ಸಾಗುತ್ತದೆ ಅಂತ ಅಳೆಯುವ ಮಿಷನ್ನು ನಮ್ಮಲ್ಲಿರಲಿಲ್ಲ, ಅವರಲ್ಲಿತ್ತು.

ಮಧ್ಯಾಹ್ನ ವಾಪಸ್ ಬಂದವರು ಹೆಲ್ಮೆಟ್ಟನ್ನೂ ತೆಗೆಯದೆ ನನ್ನ ಮುಂದೆ ನಿಂತರು. "ಐವತ್ತು ಕೇಳಿದ್ರೆ ಮೂವತ್ತು ಬಂದಿದೆ. ಹೋದ ಸಿಗ್ನಲ್ಲಲ್ಲಿ ಕಾಲು ಭಾಗ ಟೋಲ್‌ಗೇಟ್ ತನಕ ಹೋಗಿ ಮನೆಗೆ ವಾಪಸ್ ಬಂದಿದೆ. ಇನ್ನೊಂದೇ ಹಾಳೆ ಇರೋದು. ಸೋಮವಾರ ಕೊಡ್ಬೇಕು." ಆಮೇಲೆ ಕಂಪ್ಯೂಟರನ್ನೂ ನನ್ನನ್ನೂ ಒಟ್ಟಿಗೆ ನೋಡಿದರು, ವಾರಂಟಿ ಇನ್ನೂ ಇದೆಯಾ ಅಂತ ಯೋಚಿಸುವವರ ಹಾಗೆ.

ಅವರು ಒಳಗೆ ಹೋದಮೇಲೆ ಅಜ್ಜಾರು ಒಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಇದು ನಿನ್ನ ಹತ್ರ ಏನೇನು ಕೇಳ್ತೈತೆ, ನಂಗೂ ಒಂದೀಟು ಓದಿ ಹೇಳು."

"ಇದು ವಸ್ತುವಿನ ನಂಬರು. ಎರಡು ಪಾಯಿಂಟ್ ಎರಡು."

"ಹ್ಞೂಂ."

"ಇದು ಎಷ್ಟು ಓಮ್ ಬೇಕು ಅನ್ನೋದು. ಐವತ್ತು."

"ಹ್ಞೂಂ. ಈ ಒಂದು ಪಾಯಿಂಟ್ ಆರು ಅಂದ್ರೆ?"

"ಅದು ದಪ್ಪ."

"ಯಾರ ದಪ್ಪ?"

ಯಾರ ದಪ್ಪ. ಅದು ಹಸಿರು ಹಲಗೆಯ ದಪ್ಪ. ನಾಲ್ಕು ತಿಂಗಳಿಂದ ಅದೇ ಚೌಕದಲ್ಲಿ ಅದೇ ನಂಬರು ಬಾಡಿಗೆ ಇಲ್ಲದೆ ಕೂತಿತ್ತು, ನಾನು ಎಬ್ಬಿಸಲೇ ಇಲ್ಲ. ಬಿಳಿ ಹಲಗೆಯ ದಪ್ಪ ಅದರ ಅರ್ಧದಷ್ಟೂ ಇಲ್ಲ. ಗುಡಾಣ, ಕಡ್ಡಿ ಅಂತ ಅವರು ಹೇಳಿದ್ದು ಅದನ್ನೇ.

ಕಣ್ಣಲ್ಲಿ ನೀರು ಬಂತು. "ಸಾರ್‌ಗೆ ಏನಂತ ಹೇಳಲಿ ಅಜ್ಜಾರೆ. ನೀವು ಹೇಳಿದ ಹಾಗೆ ಒಂದು ನೂಲು ಹಾಕಿದ್ರೆ ಆಗ್ತಿತ್ತು."

ಅಜ್ಜಾರು ಎದ್ದರು. "ಬಾ ಇಲ್ಲಿ" ಅಂತ ತಮ್ಮ ಮೇಜಿನ ಕೆಳಗಿದ್ದ ಒಂದು ತಗಡಿನ ಟ್ರಂಕು ಎಳೆದರು. ತುಂಬ ಕಪ್ಪು ಟೇಪಿನ ಸುರುಳಿಗಳು. ಒಂದೊಂದನ್ನೇ ತೆಗೆದು ತೋರಿಸಿದರು. ಎಲ್ಲವೂ ಒಂದೇ ಅಗಲ, ಒಂದು ನೂಲು.

"ಯಾವುದೋ ಕಂಪನಿ ಮುಚ್ಚಿದಾಗ ಯಜಮಾನರ ಅಪ್ಪಾರು ಟ್ರಂಕ್ ಸಮೇತ ತಂದಿದ್ರು. ಬೇರೆ ಅಗಲದ ಟೇಪು ಇರಲಿಲ್ಲ. ಇದನ್ನೇ ಅಂಟಿಸ್ದೆ, ಪಾಸಾತು. ಆಮ್ಯಾಲೆ ಯಾರೇ ಕೇಳಿದ್ರೂ ಒಂದು ನೂಲು ಅಂದೆ. ಎಲ್ಲಾರೂ ಅಜ್ಜಾರಿಗೆ ಭಾಳ ಗೊತ್ತೈತೆ ಅಂದ್ರು. ನಾನೂ ಬ್ಯಾಡ ಅನ್ನಲಿಲ್ಲ."

ನಾನು ಕಣ್ಣು ಒರೆಸಿಕೊಂಡೆ. "ಮತ್ತೆ ನನ್ನ ಲೆಕ್ಕಕ್ಕೂ ನಿಮ್ಮ ನೂಲಿಗೂ ಅಷ್ಟು ಸರಿಯಾಗಿ ಹೊಂದಿತಲ್ಲ."

"ಅವತ್ತು ನೀ ಬಟನ್ ಒತ್ತೋವಾಗ ನನ್ನ ಎದಿ ಹೊಡ್ಕೋಳ್ತಿತ್ತು. ಇಷ್ಟು ವರ್ಷದ್ದು ಇವತ್ತು ಬಯಲಾಗ್ತೈತೆ ಅಂದ್ಕೊಂಡಿದ್ದೆ. ನಿನ್ನ ಕಂಪ್ಯೂಟರು ನನ್ನ ಮಾನ ಉಳಿಸ್ತು." ಟ್ರಂಕಿನ ಮುಚ್ಚಳ ಹಾಕಿದರು. "ನಿನ್ನ ತಪ್ಪು ನಾ ಕಂಡೆ. ನಂದೂ ನಿಂಗೆ ಗೊತ್ತಿರ್ಲಿ. ಮ್ಯಾಚಿಂಗ್ ಅಂದ್ರೆ ಇದೇ ಅಲ್ಲೇನು?"

ಎರಡನೇ ಹಾಳೆಗೆ ಇಬ್ಬರೂ ಒಟ್ಟಿಗೆ ಕೂತೆವು. ಹಲಗೆಯ ದಪ್ಪವನ್ನು ವರ್ನಿಯರಿನಲ್ಲಿ ಮೂರು ಕಡೆ ಅಳೆದೆ, ಅವರು ಮೂರು ಸಲವೂ "ಇನ್ನೊಂದು ಸಲ" ಅಂದರು. ಎಲ್ಲ ಚೌಕಗಳನ್ನೂ ಪೂಜೆಯ ಸಂಕಲ್ಪದ ಹಾಗೆ ಗಟ್ಟಿಯಾಗಿ ಓದಿ ಬಟನ್ ಒತ್ತಿದೆ. ಎರಡು ಪಾಯಿಂಟ್ ನಾಲ್ಕು ಎರಡು ಬಂತು. ಅಜ್ಜಾರು ಬೆರಳಲ್ಲಿ ಏನೋ ಎಣಿಸಿ, "ಮುಕ್ಕಾಲು ನೂಲು" ಅಂದರು. ಸುಳ್ಳಲ್ಲ, ಲೆಕ್ಕ ಮಾಡಿ ನೋಡಿದೆ, ಮತ್ತೆ ಅದೇ ಕೂದಲೆಳೆ.

ಆದರೆ ಮುಕ್ಕಾಲು ನೂಲಿನ ಟೇಪು ಎಲ್ಲಿದೆ? ಅಜ್ಜಾರು ಒಂದು ನೂಲಿನ ಪಟ್ಟಿಯನ್ನು ಗಾಜಿನ ಮೇಲೆ ಅಂಟಿಸಿ, ಸ್ಟೀಲ್ ಸ್ಕೇಲು ಇಟ್ಟು, ಉಸಿರು ಬಿಗಿಹಿಡಿದು ಬ್ಲೇಡಿನಲ್ಲಿ ಉದ್ದಕ್ಕೂ ಸೀಳಿದರು. ಹಾಳಾದ ಪಟ್ಟಿಗಳು ಅವರ ಪಂಚೆಗೆ, ನನ್ನ ದುಪಟ್ಟಾಕ್ಕೆ, ಕಂಪ್ಯೂಟರಿನ ಕೀಬೋರ್ಡಿಗೆ ಎಲ್ಲ ಅಂಟಿಕೊಂಡವು. ಕೊನೆಗೆ ಒಂದು ಪಟ್ಟಿ ನನ್ನ ವರ್ನಿಯರ್ ಒಪ್ಪುವ ಹಾಗೆ ಬಂತು. ಆ ಕೈ ಮಾತ್ರ ಯಾವ ಟ್ರಂಕಿನಿಂದಲೂ ಬಂದದ್ದಲ್ಲ.

ಸೋಮವಾರ ಯಜಮಾನರು ಬೋರ್ಡ್ ತೆಗೆದುಕೊಂಡು ಹೋದರು. ಅವರು ಬರುವ ತನಕ ಅಜ್ಜಾರು ಎರಡನೇ ಸಲ ಜಪಕ್ಕೆ ಕೂತರು. ನಾನೂ ಕೂರುತ್ತಿದ್ದೆ, ಆದರೆ ನನಗೆ ಐವತ್ತರ ಮೇಲೆ ಎಣಿಸಿ ಅಭ್ಯಾಸವಿರಲಿಲ್ಲ.

ಯಜಮಾನರು ಬಂದರು. ಈ ಸಲ ಹೆಲ್ಮೆಟ್ ಕೈಯಲ್ಲಿತ್ತು. "ಪಾಸು. ಈ ಸಲ ಎಷ್ಟು ಅಗಲ ಹಾಕಿದ್ರಿ?"

"ಮುಕ್ಕಾಲು ನೂಲು ಸಾರ್" ಅಂತ ನಾನು, "ಎರಡು ಪಾಯಿಂಟ್ ನಾಲ್ಕು ಎರಡು" ಅಂತ ಅಜ್ಜಾರು, ಇಬ್ಬರೂ ಒಂದೇ ಉಸಿರಿಗೆ ಅಂದೆವು.

ಯಜಮಾನರು ಇಬ್ಬರ ಮುಖವನ್ನೂ ನೋಡಿದರು. "ಹಾಗಾದ್ರೆ ಮೊದಲನೇದು ಯಾಕೆ ಕೆಟ್ಟಿದ್ದು?"

ಅಜ್ಜಾರು ಕೆಮ್ಮಿದರು. ಅವರು ಏನೋ ನೆಪ ಹೇಳಿ ನನ್ನನ್ನು ಕಾಪಾಡುತ್ತಾರೆ ಅಂತ ಗೊತ್ತಾಯಿತು. ಅದಕ್ಕೂ ಮೊದಲೇ ನಾನು ಹೇಳಿಬಿಟ್ಟೆ. "ನಾನು ದಪ್ಪ ಬದಲಾಯಿಸೋದು ಮರೆತಿದ್ದೆ ಸಾರ್. ಕಂಡುಹಿಡಿದದ್ದು ಅಜ್ಜಾರು." ಟ್ರಂಕಿನ ವಿಷಯ ನನ್ನ ಬಾಯಿಂದ ಬರಲಿಲ್ಲ. ಅಜ್ಜಾರು ಕಾಲಿನಲ್ಲಿ ಅದನ್ನು ಮೆಲ್ಲಗೆ ಮೇಜಿನ ಒಳಕ್ಕೆ ತಳ್ಳಿದರು.

ಯಜಮಾನರು ಕುರ್ಚಿ ಎಳೆದು ಕೂತರು. "ಪರ್ಮನೆಂಟ್ ಮಾಡ್ತೀನಿ. ಆದ್ರೆ ಇನ್ಮೇಲೆ ಬಟನ್ ಒತ್ತೋಕೆ ಮುಂಚೆ ಪ್ರತಿ ಚೌಕಾನೂ ಅಜ್ಜಾರಿಗೆ ಗಟ್ಟಿಯಾಗಿ ಓದಿ ಹೇಳ್ಬೇಕು. ಅಜ್ಜಾರೆ, ನೀವು ಕೇಳದೇನೇ ಒಂದು ನೂಲು ಅನ್ನಬಾರದು."

"ಅದೇನೋ ಬಾಯಿಗೆ ಬಂದುಬಿಡ್ತೈತೆ" ಅಂದರು ಅಜ್ಜಾರು.

ಸಾಯಂಕಾಲ ದೊಡ್ಡಮ್ಮನಿಗೆ ಕೆಲಸ ಪರ್ಮನೆಂಟ್ ಆಯಿತು ಅಂದೆ. ಬಾಯಿಗೆ ಸಕ್ಕರೆ ಹಾಕಿದರು, ಊರಿಗೆ ಫೋನ್ ಮಾಡಿಸಿದರು. ಆಮೇಲೆ ಬೀರುವಿನಿಂದ ಬದನೆಕಾಯಿ ಬಣ್ಣದ ಸೀರೆಯೊಂದನ್ನು ತೆಗೆದು ನನ್ನ ತೊಡೆಯ ಮೇಲೆ ಹಾಕಿದರು. "ಪರ್ಮನೆಂಟ್ ಆಯ್ತಲ್ಲ. ಈಗಲಾದ್ರೂ ಇದಕ್ಕೊಂದು ಬ್ಲೌಸ್ ಪೀಸ್ ತಂದ್ಕೊಡೇ."

ಮತ್ತೆ ವಿವರಿಸುವ ಶಕ್ತಿ ಇರಲಿಲ್ಲ. ಮಾರನೇ ದಿನ ಬರುವಾಗ ರಾಜಾಜಿನಗರದ ನಿಜವಾದ ಮ್ಯಾಚಿಂಗ್ ಸೆಂಟರಿಗೇ ಹೋಗಿ, ಇಪ್ಪತ್ತು ಬಣ್ಣ ತೆಗೆಸಿ, ಸೆರಗಿಗೆ ಹಿಡಿದು ನೋಡಿ, ಒಂದನ್ನು ತಂದೆ. ದೊಡ್ಡಮ್ಮ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಅತ್ತ ಇತ್ತ ತಿರುಗಿಸಿದರು.

"ಒಂದು ನೂಲು ಡಾರ್ಕ್ ಆಯ್ತು ಕಣೇ" ಅಂದರು.