ನಂಜಮ್ಮ ಮೇಡಂ ಕಾರು ಬಿಚ್ಚಿದ್ದು

ಜನ್ನಾಪುರದಲ್ಲಿ ನಂಜಮ್ಮನವರ ಮಾತಿಗೆ ಎದುರಾಡುವವರು ಕಡಿಮೆ. ಒಮ್ಮೆ ಎದುರಾಡಿದವರು ಎರಡನೇ ಸಲ ಆ ಕೆಲಸಕ್ಕೆ ಕೈ ಹಾಕಿಲ್ಲ. ಮೂವತ್ತೊಂದು ವರ್ಷ ಐಟಿಐನಲ್ಲಿ ಫಿಟ್ಟರ್ ಹುಡುಗರಿಗೆ ಅರ ಹಿಡಿಯುವುದು, ಸ್ಪ್ಯಾನರ್ ಹಿಡಿಯುವುದು ಕಲಿಸಿದ ಹೆಂಗಸು ಅವರು. ಮೊದಲ ದಿನ ಸೀರೆಯುಟ್ಟು ವರ್ಕ್‌ಶಾಪಿಗೆ ಕಾಲಿಟ್ಟಾಗ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಗು ಎದ್ದಿತ್ತಂತೆ. ಹಾಗೆ ನಕ್ಕವರೇ ಇವತ್ತು ಬಿ.ಎಚ್. ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾರೆ, ಮೇಡಂ ಸ್ಕೂಟರ್ ಬರುವುದು ಕಂಡರೆ ಬೀಡಿ ಆರಿಸುತ್ತಾರೆ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಬೀದಿಯ ಮಿಕ್ಸಿ, ಬಾವಿ ಮೋಟಾರು, ಗೇಟಿನ ಚಿಲಕ ಯಾವುದು ಕೆಟ್ಟರೂ ಅದು ಏಕೆ ಕೆಟ್ಟಿತು ಎಂದು ಹೇಳುವವರು ನಂಜಮ್ಮನವರೇ. ಅವರು ಹೇಳಿದ ಮೇಲೆ ಆಯಿತು, ಇನ್ನೊಬ್ಬರನ್ನು ಕೇಳುವ ಪ್ರಶ್ನೆಯಿಲ್ಲ.

ಸೊಸೆ ಸಿರಿಯ ವಿಷಯದಲ್ಲಿ ಆಗಿದ್ದೂ ಇದೇ.

ಮಗ ದುಷ್ಯಂತನದು ಶಿವಮೊಗ್ಗದ ಆಲ್ಕೊಳದಲ್ಲಿ ಟೈಲ್ಸ್ ಅಂಗಡಿ. ಮೂರು ವರ್ಷದ ಹಿಂದೆ ಅವನು ಮಂಗಳೂರಿನ ಡಾಕ್ಟರೊಬ್ಬರ ಹಳೆಯ ಜರ್ಮನ್ ಸ್ಪೋರ್ಟ್ಸ್ ಕಾರು ಕೊಂಡು ತಂದ. ಎರಡೇ ಸೀಟು, ಎಂಜಿನ್ ಬೆನ್ನ ಹಿಂದೆ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ನಂಜಮ್ಮನವರ ಗಂಡ ಭೈರಪ್ಪ ಒಂದು ಸಲ ಅದರೊಳಗೆ ಕೂತು ಎದ್ದವರು, "ಇದ್ರಲ್ಲಿ ಕೂರೋದಲ್ಲ ಮಾರಾಯ, ಮಲಗೋದು" ಎಂದು ಕೈ ಮುಗಿದರು. ತಂದವನು ದುಷ್ಯಂತನಾದರೂ ಓಡಿಸಿದವಳು ಸಿರಿ. ಅವಳು ಶಿವಮೊಗ್ಗದ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಳೆ. ದಿನಾ ಅದರಲ್ಲೇ ಹೋಗಿ ಬರುವಳು. ಗೇಟಿಗೆ ಎರಡು ಬೆರಳು ಜಾಗವಿಟ್ಟು ಹಿಂದಕ್ಕೆ ತೆಗೆಯುವ ಅವಳ ಕೈ ನೋಡಿ ನಂಜಮ್ಮನವರಿಗೆ ಒಳಗೊಳಗೇ ಹೆಮ್ಮೆ. ಬಾಯಿ ಬಿಟ್ಟು ಒಂದು ದಿನವೂ ಹೇಳಿರಲಿಲ್ಲ, ಅದು ಬೇರೆ ಮಾತು.

ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಸಿರಿ ಗೆಳತಿಯನ್ನು ಸೋಗಾನೆಯ ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುವಾಗ ರಸ್ತೆಯ ಒಂದು ಸ್ಪೀಡ್ ಹಂಪಿಗೆ ಕಾರಿನ ಅಡಿ ತಾಗಿತು. ಮನೆಗೆ ಬಂದು ತಾನೇ ಹೇಳಿದಳು. ಹತ್ತು ದಿನ ಕಳೆದು ಹಬ್ಬದ ದಿನ ನೋಡಿದರೆ ಕಾರಿನ ಕೆಳಗೆ ಎಂಜಿನ್ ತಣ್ಣಗಿಡುವ ಗುಲಾಬಿ ಬಣ್ಣದ ನೀರು. ಮನೆ ತುಂಬ ನೆಂಟರು. ನಂಜಮ್ಮನವರು ಗೋಣಿಚೀಲ ಹಾಸಿ, ಹಬ್ಬದ ಸೀರೆಯಲ್ಲೇ ಬಗ್ಗಿ, ಟಾರ್ಚು ಬಿಟ್ಟು ನೋಡಿದರು. ಕಾರಿನ ಹೊಟ್ಟೆಯ ಮೇಲೆ ಗೀರು ಕಂಡಿತು. ಎದ್ದು ಸೆರಗು ಕೊಡವಿದರು.

"ಹಂಪ್ ಹೊಡೆದಿದೆ, ರೇಡಿಯೇಟರ್ ಹೋಗಿದೆ. ಇನ್ನೇನು ನೋಡೋದಿದೆ?"

ಸಿರಿ ಮೆಲ್ಲಗೆ ಕೇಳಿದಳು, "ಅತ್ತೆ, ತಾಗಿದ್ದು ಸ್ವಲ್ಪವೇ. ಅದಕ್ಕೇ ಸೋರುತ್ತಾ? ಒಂದ್ಸಲ ಬಿಚ್ಚಿ ನೋಡೋಣ್ವಾ?"

"ಮೂವತ್ತೊಂದು ವರ್ಷ ನಾನೇನು ಕಡ್ಲೆಕಾಯಿ ಮಾರ್ತಿದ್ನಾ?"

ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿರಿಯೂ ನಕ್ಕಳು. ಮಾರನೇ ದಿನದಿಂದ ಬಸ್ಸಿಗೆ ಹೊರಟಳು.

ಅಲ್ಲಿಂದ ಎಂಟು ತಿಂಗಳು ಅವಳು ಯಾವ ಕಾರಿನ ಕೀಲಿಯನ್ನೂ ಮುಟ್ಟಲಿಲ್ಲ. ಮದುವೆ, ನಾಮಕರಣ ಎಲ್ಲಿ ಹೋದರೂ "ಕಾರು ಹಾರಿಸಿದ ಸಿರಿ" ಎಂಬ ಮಾತು ಅವಳಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಯಾರೂ ಅವಳನ್ನು ಬೈಯಲಿಲ್ಲ, ತೊಂದರೆ ಅದೇ. ಬೈದಿದ್ದರೆ ತಿರುಗಿ ಒಂದು ಮಾತು ಅನ್ನಬಹುದಿತ್ತು. ನಗುವವರಿಗೆ ಏನೆನ್ನುವುದು? ಒಳ್ಳೆಯ ಡ್ರೈವರ್ ಎಂಬ ಹೆಸರು ಅತ್ತೆಯ ಒಂದು ಮಾತಿಗೆ ಹೋಯಿತು.

ಬೆಂಗಳೂರಿನ ವರ್ಕ್‌ಶಾಪಿನವರು ಕಾರನ್ನು ಲಾರಿಯ ಮೇಲೆ ಹೇರಿ ಕಳಿಸಿ ಅಂದರು. ನಂಜಮ್ಮನವರು ಅದೆಲ್ಲ ಬೇಡ, ಮನೆಯಲ್ಲೇ ಹಾಕುತ್ತೇನೆ ಅಂದರು. ಎರಡು ಹೊಸ ರೇಡಿಯೇಟರು ಅಲ್ಲಿ ಇಲ್ಲಿ ಹುಡುಕಿ ಬಸ್ಸಿನ ಪಾರ್ಸೆಲ್‌ನಲ್ಲಿ ಬರುವ ಹೊತ್ತಿಗೆ ಮೇ ತಿಂಗಳಾಯಿತು. ಒಂದು ಗುರುವಾರ ಬೆಳಿಗ್ಗೆ ಆರಕ್ಕೆ, ಹಳೆಯ ಶಿಷ್ಯ ಹುಲಿಯಪ್ಪನ ಗ್ಯಾರೇಜಿನಿಂದ ತಂದ ಸ್ಟ್ಯಾಂಡುಗಳ ಮೇಲೆ ಕಾರಿನ ಮುಂಭಾಗ ಕೂರಿಸಿ, ನೈಟಿಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ಕೆಲಸಕ್ಕೆ ಇಳಿದರು. ಟಾರ್ಚು ಹಿಡಿಯುವ ಕೆಲಸ ಭೈರಪ್ಪನವರದು. ಕಾರ್ಖಾನೆಯ ಸ್ಟೋರಿನಲ್ಲಿ ಲೆಕ್ಕ ಬರೆದ ಮನುಷ್ಯ, ಸ್ಕ್ರೂ ಕಂಡರೆ ಭಯ. ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಒಂದೊಂದು ಗುಳಿಗೆ ಒಂದೊಂದು ಜಾಗದ್ದೆಂದು ಹಾಕುತ್ತ ಹೋದರು.

"ನಾಳೆ ಇಡ್ಲಿ ಯಾವುದ್ರಲ್ಲಿ ಮಾರಾಯ್ತಿ?"

"ನಾಳೆ ಉಪ್ಪಿಟ್ಟು. ಟಾರ್ಚು ಈ ಕಡೆ ಬಿಡ್ರೀ, ಆಕಾಶಕ್ಕಲ್ಲ."

ಚಕ್ರ ಬಂತು, ಚಕ್ರದ ಹಿಂದಿನ ಪ್ಲಾಸ್ಟಿಕ್ ಹಾಳೆ ಬಂತು, ಮುಂದಿನ ಬಂಪರ್ ಇಡಿಯಾಗಿ ಕೈಗೆ ಬಂತು. ಉಳಿದ ನೀರನ್ನು ಬಕೆಟ್ಟಿಗೆ ಇಳಿಸಿದರು. ಈ ಕಾರಿನ ರಚನೆಯೇ ಬೇರೆ. ಎಂಜಿನ್ ಹಿಂದಿದ್ದರೂ ಅದರ ನೀರು ತಣ್ಣಗಾಗಲು ಮುಂದಕ್ಕೆ ಬರಬೇಕು. ಮೂತಿಯ ಎಡಕ್ಕೊಂದು, ಬಲಕ್ಕೊಂದು ಸಣ್ಣ ರೇಡಿಯೇಟರು, ಪ್ರತಿಯೊಂದರ ಮುಂದೆ ಎಸಿಯ ಒಂದು ಜಾಲರಿ. ಗಾಳಿ ಒಳಗೆ ಬರಲಿ ಎಂದು ಬಂಪರಿನ ಎರಡೂ ಮೂಲೆಯಲ್ಲಿ ತೆರೆದ ಬಾಯಿ.

ನಂಜಮ್ಮನವರು ಎಡಗಡೆಯ ಎಸಿ ಜಾಲರಿಯ ಪೈಪು ಕಳಚದೆ, ಜಾಲರಿಯನ್ನಷ್ಟೇ ಬಿಡಿಸಿ ಹುರಿಯಿಂದ ಪಕ್ಕಕ್ಕೆ ಕಟ್ಟಿದರು. ಹಿಂದೆ ರೇಡಿಯೇಟರು ಕಾಣಲಿಲ್ಲ. ಕಪ್ಪು ಗೊಬ್ಬರದಂಥದ್ದು ಎರಡು ಬೆರಳು ದಪ್ಪ ಮೆತ್ತಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದರೆ ಹಸಿ ಹಸಿ ಮುದ್ದೆ ಉದುರಿತು. ಅದರ ಕೆಳಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿತ್ತು. ಬೆರಳು ಇಟ್ಟ ಕಡೆ ಹಪ್ಪಳದ ಹಾಗೆ ಮುರಿಯಿತು.

"ಎಲೆಗಿಲೆ ಸೇರ್ಕೊಂಡಿದೆ ಅಷ್ಟೇ" ಅಂದರು ಭೈರಪ್ಪ.

ನಂಜಮ್ಮನವರು ಮುದ್ದೆಯನ್ನು ಅಂಗೈಗೆ ಹಾಕಿಕೊಂಡು ಬಿಡಿಸಿದರು. ಎಲೆಯಲ್ಲ. ಸೇವಂತಿಗೆಯ ತೊಟ್ಟು, ತುಳಸಿಯ ಕಡ್ಡಿ, ಆಯುಧಪೂಜೆಯ ಮಂಡಕ್ಕಿ, ಗಂಟು ಹಾಕಿದ ಬಾಳೆನಾರು. ಆ ಗಂಟು ಹಾಕಿದ ಕೈ ಯಾವುದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮನೆಯ ಗಾಡಿಗಳಿಗೆ ಶುಕ್ರವಾರ ಪೂಜೆ ಮಾಡುವುದು ಅವರ ರೂಢಿ. ಸ್ಕೂಟರಿಗೆ ಹ್ಯಾಂಡಲಿನಲ್ಲಿ ಹೂ ಸಿಕ್ಕಿಸಬಹುದು. ಈ ಕಾರಿಗೆ ಹೂ ನಿಲ್ಲಲು ಒಂದು ಕಡ್ಡಿಯಷ್ಟು ಜಾಗವಿರಲಿಲ್ಲ, ಮೈಯೆಲ್ಲ ನುಣುಪು. ಮೂಲೆಯ ಎರಡು ಬಾಯಿ ನೋಡಿದರೆ ದೀಪದ ಗೂಡಿನ ಹಾಗೆ ಕಂಡಿತ್ತು. ಅರಿಶಿನ ಕುಂಕುಮವಿಟ್ಟು, ಎಡಕ್ಕೊಂದು ಹಿಡಿ, ಬಲಕ್ಕೊಂದು ಹಿಡಿ ಹೂ ಒಳಗಿಟ್ಟು ಕೈ ಮುಗಿಯುತ್ತಿದ್ದರು. ಶನಿವಾರ ನೋಡಿದರೆ ಹೂ ಇರುತ್ತಿರಲಿಲ್ಲ. ಗಾಳಿಗೆ ಹಾರಿ ಹೋಗಿರುತ್ತದೆ, ಪೂಜೆಯ ಹೂವನ್ನು ಕಸದ ಹಾಗೆ ಗುಡಿಸುವ ಪಾಪವೂ ತಪ್ಪಿತು ಅಂದುಕೊಂಡಿದ್ದರು. ಹೂ ಎಲ್ಲಿಗೂ ಹಾರಿರಲಿಲ್ಲ. ಒಳಗಿನ ಫ್ಯಾನು ಎಳೆದುಕೊಂಡಿತ್ತು. ಎರಡು ವರ್ಷದ ಶುಕ್ರವಾರಗಳೆಲ್ಲ ಅಲ್ಲೇ ಕೊಳೆತು, ಒದ್ದೆ ಹಿಡಿದು ಲೋಹವನ್ನು ತಿಂದಿದ್ದವು.

ಅವರು ಅಡಿಯ ಗೀರನ್ನು ಮತ್ತೆ ನೋಡಿದರು. ಗೀರು ನಡುವಿನ ಪ್ಲಾಸ್ಟಿಕ್ ತಟ್ಟೆಯ ಮೇಲಿತ್ತು. ರೇಡಿಯೇಟರು ಅಲ್ಲಿಂದ ಒಂದು ಮೊಳ ದೂರ, ಅದನ್ನು ಹಿಡಿದ ಪಟ್ಟಿಯ ಬಣ್ಣ ಕೂಡ ಮಾಸಿರಲಿಲ್ಲ. ಹಬ್ಬದ ದಿನ ಒಂದೇ ಒಂದು ನಿಮಿಷ ಹೆಚ್ಚು ಬಗ್ಗಿದ್ದರೆ ಕಾಣುತ್ತಿತ್ತು. ಬಲಗಡೆಯದಾದರೂ ಹಂಪಿಗೆ ಹೊಡೆದಿರಲಿ ಎಂದು ಮನಸ್ಸು ಬೇಡಿಕೊಂಡಿತು. ನಾಚಿಕೆಗೇಡಿನ ಆಸೆ, ಆದರೆ ಬೇಡಿಕೊಂಡಿದ್ದು ನಿಜ. ಬಿಚ್ಚಿದರು. ಅಲ್ಲೂ ಸೇವಂತಿಗೆ.

ಭೈರಪ್ಪ ಪೊರಕೆ ತಂದು ಗುಡಿಸಲು ಹೊರಟರು. ಅವರಿಗೆ ಏನೂ ಹೊಳೆದಿರಲಿಲ್ಲ. ಗುಡಿಸಿ ತಿಪ್ಪೆಗೆ ಹಾಕಿದರೆ ಕಥೆ ಮುಗಿಯಿತು. ಹೊಸ ರೇಡಿಯೇಟರು ಕೂರುತ್ತದೆ, ಹಂಪಿನ ಮಾತು ಹಂಪಿನ ಮಾತಾಗಿಯೇ ಉಳಿಯುತ್ತದೆ.

"ಅದನ್ನ ಅಲ್ಲೇ ಇರೋಕೆ ಬಿಡಿ" ಎಂದರು ನಂಜಮ್ಮನವರು. ಅವರ ದನಿ ಕೇಳಿ ಭೈರಪ್ಪ ಪೊರಕೆ ಕೆಳಗಿಟ್ಟರು.

ಮಧ್ಯಾಹ್ನ ಊಟ ಸೇರಲಿಲ್ಲ. ಆದರೂ ಕೆಲಸದಲ್ಲಿ ಕೈ ತಪ್ಪಲಿಲ್ಲ. ಹೊಸವು ಕೂತವು, ಪೈಪಿನ ಕ್ಲಿಪ್ಪುಗಳು ಬಿಗಿಯಾದವು, ಬಾಯಿಗಳಿಗೆ ಸೊಳ್ಳೆ ಪರದೆಯಂಥ ಸ್ಟೀಲು ಬಲೆ ಕೂರಿಸಿದ್ದಾಯಿತು. ನೀರು ತುಂಬಿ, ಎಂಜಿನ್ ಓಡಿಸಿ, ಒಳಗಿನ ಗಾಳಿ ಬಿಟ್ಟು, ಫ್ಯಾನು ತಿರುಗುವವರೆಗೆ ಕಾದು ಮತ್ತೆ ತುಂಬಿದರು. ಕೆಳಗೆ ಹಾಸಿದ ಪೇಪರಿನ ಮೇಲೆ ಒಂದು ಹನಿ ಬೀಳಲಿಲ್ಲ.

ಸಂಜೆ ಆರಕ್ಕೆ ಸಿರಿ ಬಸ್ಸಿಳಿದು ಬಂದಳು. ನಂಜಮ್ಮನವರು ಬೆಳಿಗ್ಗೆಯಿಂದ ಮನಸ್ಸಿನಲ್ಲಿ ಜೋಡಿಸಿಕೊಂಡ ಮಾತನ್ನು ಗಂಡನ ಎದುರಿಗೆ ಆಡಲಿಲ್ಲ. "ನಡಿ, ಒಂದು ಸುತ್ತು ಹೋಗಿ ನೋಡ್ಕೊಂಡು ಬರೋಣ. ನೀನೇ ಓಡಿಸು" ಎಂದಷ್ಟೇ ಅಂದರು.

"ಬೇಡ ಅತ್ತೆ. ಅವರು ಬರಲಿ."

"ದುಷ್ಯಂತ ಬರೋದು ಒಂಬತ್ತಾಗುತ್ತೆ. ನಡಿ ಅಂದ್ನಲ್ಲ."

ಸಿರಿ ಓಡಿಸಿದಳು. ಆದರೆ ಇದು ಹಳೆಯ ಸಿರಿಯಲ್ಲ. ಎರಡು ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ಮೊದಲ ಗೇರಿನಲ್ಲೇ ಹೋಗುತ್ತಿದ್ದಳು. ಹಂಪು ಬಂದಲ್ಲಿ ಪೂರ್ತಿ ನಿಲ್ಲಿಸಿ, ಬಾಗಿಲು ತೆಗೆದು ಕೆಳಗೆ ಬಗ್ಗಿ ನೋಡಿದಳು. ಹಿಂದಿನ ಆಟೋದವನು ಹಾರನ್ ಹೊಡೆದು ಬೈದುಕೊಂಡು ಹೋದ. ನಂಜಮ್ಮನವರು ಅವಳ ಕೈಯನ್ನೇ ನೋಡಿದರು. ಎಂಥ ಕೈ ಇತ್ತು ಈ ಹುಡುಗಿಯದು! ಹಾಳು ಮಾಡಿದ್ದು ತಾನು.

"ಬದಿಗೆ ಹಾಕು" ಅಂದರು. ಸಿರಿ ಹಾಕಿದಳು. ನಂಜಮ್ಮನವರು ಎದುರಿನ ಗಾಜು ನೋಡುತ್ತಲೇ ಹೂವಿನ ವಿಷಯ, ಫ್ಯಾನಿನ ವಿಷಯ, ಗೀರಿನ ವಿಷಯ ಎಲ್ಲ ಹೇಳಿದರು. ಕೊನೆಗೆ, "ನಿಂದಲ್ಲ ತಪ್ಪು. ನಂದು" ಅಂದರು.

ಸಿರಿ ಸ್ಟಿಯರಿಂಗ್‌ನಿಂದ ಕೈ ತೆಗೆದಳು.

"ನಾನೇ ಮಾಡಿದ್ದು ಅಂತ ನಾನೂ ನಂಬಿಬಿಟ್ಟಿದ್ದೆ ಅತ್ತೆ. ನೀವು ಹೇಳಿದ್ಮೇಲೆ ಹಾಗೇ ಇರುತ್ತೆ ಅಂತ." ಕಣ್ಣು ಒರೆಸಿಕೊಂಡಳು. "ಅವತ್ತು ಎಲ್ಲರ ಮುಂದೆ ಹೇಳಿದ್ರಿ. ಇವತ್ತು ನಂಗೊಬ್ಬಳಿಗೇ ಹೇಳ್ತಿದ್ದೀರ."

ಆ ಮಾತು ಸರಿಯಾಗಿ ನಾಟಿತು. ನಂಜಮ್ಮನವರು ಅಂಗಿಯ ಜೇಬಿನಿಂದ ಮೊಬೈಲ್ ತೆಗೆದು, ಮನೆತನದವರೆಲ್ಲ ಇರುವ ವಾಟ್ಸಾಪ್ ಗುಂಪು ಹುಡುಕಿ, ಮೈಕಿನ ಗುರುತನ್ನು ಒತ್ತಿ ಹಿಡಿದರು. ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲೇ ಶುರು ಮಾಡಿದರು.

"ನಾನು ನಂಜಮ್ಮ. ಎಲ್ಲರೂ ಕೇಳಿಸ್ಕೊಳ್ಳಿ. ಕಾರಿನ ನೀರು ಸೋರಿದ್ದು ಸಿರಿಯಿಂದ ಅಲ್ಲ. ನಾನು ಶುಕ್ರವಾರ ಇಡ್ತಿದ್ದ ಹೂವು ಒಳಗೆ ಕೊಳೆತು ರೇಡಿಯೇಟರ್ ತೂತಾಗಿದೆ. ನಾನು ಬಿಚ್ಚಿ ನೋಡದೆ ಹೇಳ್ದೆ. ಅವಳು ಬಿಚ್ಚಿ ನೋಡೋಣ ಅಂತ ಕೇಳಿದ್ಳು, ನಾನು ಕೇಳಲಿಲ್ಲ. ಇಷ್ಟು ದಿನ ನಕ್ಕಿದ್ದೀರಲ್ಲ, ಇನ್ನು ನಗೋದಿದ್ರೆ ನನ್ನ ನೋಡಿ ನಗಿ."

ಬೆರಳು ತೆಗೆದರು. ನಲವತ್ತಾರು ಜನಕ್ಕೆ ಹೋಯಿತು. ಅರ್ಧ ನಿಮಿಷಕ್ಕೆ ಮೊಬೈಲ್ ಗುಂಯ್‌ಗುಟ್ಟತೊಡಗಿತು. ಅವರು ಅದನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು.

ಸಿರಿ ಕಾರು ರಸ್ತೆಗೆ ತಂದಳು. ಎರಡನೇ ಗೇರು, ಮೂರನೇ ಗೇರು. ಮುಂದೆ ಇನ್ನೊಂದು ಹಂಪು ಕಾಣಿಸಿತು. "ನಿಧಾನ" ಎಂಬ ಮಾತು ನಂಜಮ್ಮನವರ ನಾಲಿಗೆಯ ತುದಿಗೆ ಬಂತು. ಅವರು ಬಾಯಿ ಮುಚ್ಚಿಕೊಂಡು ಕೂತರು. ಸಿರಿ ತನಗೆ ಸರಿ ಕಂಡಷ್ಟು ವೇಗ ಇಳಿಸಿ, ಕಾರನ್ನು ಕೊಂಚ ಓರೆ ಮಾಡಿ, ಅಡಿ ತಾಗದ ಹಾಗೆ ದಾಟಿಸಿದಳು.