ತವುಡಿಗೆ ಮಾರಿದ ಹುಡುಗಿ ಶಿಶುವಿಹಾರಕ್ಕೆ ಹೊರಟದ್ದು

ನಮ್ಮೂರಿನಲ್ಲಿ ಶಿಶುವಿಹಾರ ತೆರೆಯುತ್ತಾರೆಂದು ಸುದ್ದಿಯಾದಾಗ ನನಗೆ ನಾಲ್ಕು ತುಂಬಿತ್ತು. ಆಗ ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯ. ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಸೀಮೆ. ಆಚೆ ದಡದ ಸಂತೆಗೆ ಹೋಗಿ ಬಂದರೂ ಅಪ್ಪ "ಪರರಾಜ್ಯಕ್ಕೆ ಹೋಗಿದ್ದೆ ಕಣೆ" ಎಂದು ಗತ್ತಿನಿಂದ ಹೇಳುತ್ತಿದ್ದರು. ಹಾಸನದ ಕಡೆಯಿಂದ ಬಂದು ಹೊಳೆಯ ಬದಿಯಲ್ಲಿ ಗದ್ದೆ ಮಾಡಿಕೊಂಡವರು ಅವರು. ಸುಗ್ಗಿ ಮುಗಿದು ಕಣದಲ್ಲಿ ಹುಲ್ಲಿನ ಮೆದೆ ಎದ್ದಿದ್ದ ಚಳಿಯ ದಿನಗಳಲ್ಲಿ ಇಬ್ಬರು ಹೆಂಗಸರು ನೋಟ್‌ಬುಕ್ಕು ಹಿಡಿದು ಮನೆಮನೆಗೆ ಬಂದರು, ಸಣ್ಣ ಮಕ್ಕಳ ಪಟ್ಟಿ ಮಾಡಲು.

ನಾನು ಜಗಲಿಯಲ್ಲಿ ಬೆಲ್ಲದ ಚೂರು ಚೀಪುತ್ತಾ ಕೂತಿದ್ದೆ. "ಈ ಮಗು ನಿಮ್ಮದಾ?" ಎಂದು ಅವರು ಅಮ್ಮನನ್ನು ಕೇಳಿದರು.

"ಅಲ್ಲ, ಪಕ್ಕದ ಮನೇದು" ಎಂದಳು ಅಮ್ಮ, ಸೆರಗಿನಿಂದ ನನ್ನ ಮೂಗು ಒರೆಸುತ್ತಾ.

ಅವರು ಪಕ್ಕದ ಮನೆಗೆ ಹೋದರು. ಅಲ್ಲಿದ್ದದ್ದು ಸಂಪಾಜೆ ಕಡೆಯ ಗೌಡರ ಸಂಸಾರ, ಏಳು ಮಕ್ಕಳು. ಆ ಮನೆಯ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಕ್ಕಳಂತೆ. "ಹೆತ್ತದ್ದು ಅವಳೇ. ಆದ್ರೆ ನನಗೆ ಮಾರಿ ಆಗಿ ಉಂಟಲ್ಲ! ನೀವು ಅವಳ ಹತ್ತಿರವೇ ಹೋಗಿ ಕೇಳಿ." ಅವರು ತಿರುಗಿ ನಮ್ಮ ಮನೆಗೆ ಬಂದರು. ಅಮ್ಮ ಮತ್ತೆ "ಪಕ್ಕದ ಮನೇದು" ಎಂದಳು. ಪಾಪ, ಆ ಹೆಂಗಸರು ಎರಡು ಅಂಗಳದ ನಡುವೆ ಮೂರು ಸಲ ಓಡಾಡಿದರೆಂದು ಪಕ್ಕದ ಮನೆಯವಳು ಮುಂದೆಯೂ ಹೇಳಿಕೊಂಡು ನಗುತ್ತಿದ್ದಳು.

ಅಮ್ಮ ಸುಳ್ಳು ಹೇಳಿದ್ದಲ್ಲ. ನನಗಿಂತ ಮೊದಲು ಹುಟ್ಟಿದ ಮೂರು ಮಕ್ಕಳೂ ಆಕೆಯ ಕೈಗೆ ದಕ್ಕಿರಲಿಲ್ಲ. ಒಂದೂ ವರ್ಷ ದಾಟಲಿಲ್ಲ. ಹಾಗಾಗಿ ನಾನು ಹುಟ್ಟಿದ ಹನ್ನೊಂದನೆಯ ದಿನ ಅಜ್ಜಿ, ಅಂದರೆ ಅಪ್ಪನ ತಾಯಿ, ನನ್ನನ್ನು ಮೊರದಲ್ಲಿ ಮಲಗಿಸಿ ಬೇಲಿಯಾಚೆ ದಾಟಿಸಿದರು. ಆಚೆಯಿಂದ ಒಂದು ಮೊರ ತವುಡು ಈಚೆ ಬಂತು. ವ್ಯಾಪಾರ ಮುಗಿಯಿತು. ಸಾವು ಬಂದು ಕೇಳಿದರೆ 'ಈ ಮನೆಯಲ್ಲಿ ಮಗುವೇ ಇಲ್ಲ' ಎನ್ನಬಹುದು. ಆ ತವುಡನ್ನು ನಮ್ಮ ಎಮ್ಮೆ ತಿಂದಿತು. ನನ್ನ ಬೆಲೆ ಅಷ್ಟೇ ಎಂದು ನನಗೆ ಇವತ್ತಿಗೂ ಚೆನ್ನಾಗಿ ಗೊತ್ತು.

ವ್ಯಾಪಾರಕ್ಕೆ ಷರತ್ತುಗಳಿದ್ದವು. ಹಾಲುಹಲ್ಲು ಬೀಳುವವರೆಗೆ ಅಮ್ಮ ನನ್ನನ್ನು 'ನನ್ನ ಮಗಳು' ಎಂದು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಸಾವಿಗೆ ಕೇಳಿಸಿಬಿಡುತ್ತದೆ. ನಾನು ಆಕೆಯನ್ನು ಅತ್ತೆ ಎನ್ನಬೇಕು, ಪಕ್ಕದ ಮನೆಯವಳನ್ನು ಅವ್ವ ಎನ್ನಬೇಕು. ಅಪ್ಪನಿಗೆ ಮಾತ್ರ ಯಾವ ಕಟ್ಟುಪಾಡೂ ಇರಲಿಲ್ಲ. ಸಾವು ಗಂಡಸರ ಮಾತಿಗೆ ಕಿವಿ ಕೊಡುವುದಿಲ್ಲವೆಂದು ಅಜ್ಜಿಯ ಎಣಿಕೆ ಇರಬೇಕು. "ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು. ಬಾಯಿ ಭದ್ರ" ಎಂದು ಅಮ್ಮನಿಗೆ ಹೇಳಿ ಹೇಳಿ, ನನಗೆ ಎರಡು ತುಂಬುವ ಮೊದಲೇ ಅಜ್ಜಿ ತೀರಿಕೊಂಡರು. ಷರತ್ತು ಸಡಿಲಿಸುವವರು ಯಾರೂ ಉಳಿಯಲಿಲ್ಲ.

ನಾನು ಊಟ ಮಾಡುತ್ತಿದ್ದದ್ದು ಅಮ್ಮನ ಕೈಯಿಂದ, ಮಲಗುತ್ತಿದ್ದದ್ದು ಅಮ್ಮನ ಮಗ್ಗುಲಲ್ಲಿ. ಯಾರು ಯಾರೆಂದು ನನಗೆ ತಿಳಿಯದ್ದೇನಲ್ಲ. ಆದರೂ ಪಕ್ಕದ ಮನೆಯವಳು ತನ್ನ ಮಕ್ಕಳನ್ನು "ನನ್ನ ಹೊಟ್ಟೆಯಲ್ಲಿ ಹುಟ್ಟಿ ಹೀಗೆ ಮಾಡ್ತೀರಲ್ಲ!" ಎಂದು ಬೈಯುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮಮ್ಮ ನನ್ನನ್ನು ಬೈದರೂ "ಏ ಪಕ್ಕದ್ಮನೆ ಹುಡ್ಗಿ" ಎಂದೇ ಬೈಯುತ್ತಿದ್ದಳು.

ಪಟ್ಟಿಯಲ್ಲಿ ನನ್ನ ಹೆಸರು ಸೇರಿತು, ಅಪ್ಪನೇ ಹೋಗಿ ಬರೆಸಿ ಬಂದರು. ಅಂದಿನಿಂದ ಅಮ್ಮ ನನ್ನನ್ನು ತಯಾರು ಮಾಡಲು ನಿಂತಳು. ಸ್ವತಃ ಶಾಲೆಯ ಮುಖ ಕಂಡವಳಲ್ಲ. ಅದಕ್ಕೇ ಇರಬೇಕು, ಆಕೆಯ ತಯಾರಿ ಭಯಂಕರವಾಗಿತ್ತು. ಮೊದಲು ಚಡ್ಡಿಯ ಲಾಡಿ. ನಾನೇ ಬಿಚ್ಚಿ ನಾನೇ ಕಟ್ಟಿಕೊಳ್ಳಬೇಕು. ಹಿತ್ತಲಿನಲ್ಲಿ ನಿಲ್ಲಿಸಿ ದಿನಕ್ಕೆ ಹತ್ತು ಸಲ ಕಟ್ಟಿಸಿದಳು. ಒಂದು ದಿನ ಗಂಟು ಬಿಗಿದು, ಬಿಚ್ಚಲಾಗದೆ ಅವಾಂತರವಾಗಿ, ಇಬ್ಬರೂ ಅತ್ತೆವು. ಆಮೇಲೆ ಮೂಗು: ಅಪ್ಪನ ಹಳೆಯ ಪಂಚೆ ಹರಿದು ಕರ್ಚೀಫು ಮಾಡಿ, ಫ್ರಾಕಿನ ಎದೆಗೆ ಪಿನ್ನಿನಿಂದ ಸಿಕ್ಕಿಸಿದಳು. ಫ್ರಾಕು ಹೊಲಿದದ್ದು ಪಕ್ಕದ ಮನೆಯ ಹುಡುಗನೊಬ್ಬನ ಹಳೆಯ ಅಂಗಿಯಿಂದ. ಅದೂ ಷರತ್ತೇ, ನನ್ನ ಮೈಮೇಲಿನ ಬಟ್ಟೆ ಆ ಮನೆಯದೇ ಆಗಿರಬೇಕು. ಅಂಗಿಯ ಜೇಬನ್ನು ಬಿಚ್ಚದೆ ಹಾಗೇ ಉಳಿಸಿದಳು, ಹುರಿಗಡಲೆ ಹಾಕಿಕೊಳ್ಳಲಿ ಎಂದು.

ಸಂಜೆ ಜಗಲಿಯಲ್ಲಿ ಸುಳ್ಳು ಶಾಲೆ ನಡೆಯುತ್ತಿತ್ತು. ಅಮ್ಮ ಸೆರಗು ಹೊದ್ದು ಟೀಚರಮ್ಮನಾಗಿ ಕೂರುವಳು. "ನಿನ್ನ ಹೆಸರೇನು? ಯಾವ ಊರು? ನಿಮ್ಮಪ್ಪನ ಹೆಸರೇನು?" ನಾನು ಕೈ ಕಟ್ಟಿಕೊಂಡು ಪಟಪಟ ಹೇಳುವೆ. ಅಷ್ಟಕ್ಕೆ ಆಕೆ ಎದ್ದುಬಿಡುವಳು. ಮುಂದಿನ ಪ್ರಶ್ನೆ ನನಗೂ ಗೊತ್ತಿತ್ತು. ಅದೊಂದನ್ನು ಆಕೆ ಕೇಳಲಿ ಎಂದು ನಾನು ದಿನಾ ಕಾಯುತ್ತಿದ್ದೆ.

ಒಂದು ಸಂಜೆ ಅಪ್ಪ ಅಲ್ಲಿಯೇ ಕೂತಿದ್ದರು. "ಸೇರ್ಸೋ ದಿವ್ಸ ತಾಯೀನ ಕರ್ಕೊಂಡ್ ಬನ್ನಿ ಅಂದವ್ರೆ. ಏನ್ ಹೇಳ್ತೀಯ?"

"ಅಕ್ಕ ಕರ್ಕೊಂಡೋಗ್ತಾರೆ. ಅವ್ರೇ ತಾಯಿ ಅಂತ ಬರಸ್ಲಿ. ಪುಸ್ತಕದಾಗೆ ಏನಾರ ಇರ್ಲಿ, ಮಗು ಬದುಕಿರ್ಲಿ" ಎಂದಳು ಅಮ್ಮ. ಆಕೆ ಅಕ್ಕ ಎಂದದ್ದು ಪಕ್ಕದ ಮನೆಯವಳನ್ನು.

"ಹಲ್ಲು ಬೀಳಕ್ಕೆ ಇನ್ನೆಷ್ಟು ವರ್ಷನೇ? ಅಲ್ಲಿಗಂಟ ಹಿಂಗೇನಾ?"

ಅಮ್ಮ ಎದ್ದು ಒಲೆಯ ಕಡೆ ಹೋದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅಪ್ಪನೂ ಮಾತನ್ನು ಅಲ್ಲಿಗೇ ಬಿಟ್ಟರು. ಹಾವು ಯಾರು, ಕೋಲು ಯಾರು ಎಂದು ಯೋಚಿಸುವ ವಯಸ್ಸು ನನ್ನದಲ್ಲ. ಪುಸ್ತಕದಲ್ಲೂ ನಾನು ಪಕ್ಕದ ಮನೆಯವಳೇ ಆಗಿಬಿಡುತ್ತೇನೆ ಎನ್ನುವುದು ಮಾತ್ರ ಅರ್ಥವಾಯಿತು. ಅಂದು ನಾನು ರೊಟ್ಟಿ ಮುಟ್ಟಲಿಲ್ಲ. ಅಮ್ಮನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಸೇರುವ ದಿನ ಪಕ್ಕದ ಮನೆಯವಳು ಮದುವೆಗೆ ಹೊರಟವಳಂತೆ ಹೂ ಮುಡಿದು ಬಂದು ನನ್ನ ಕೈ ಹಿಡಿದಳು. ಅಮ್ಮ ಬಾಗಿಲಲ್ಲಿಯೇ ನಿಲ್ಲುವಳೆಂದುಕೊಂಡಿದ್ದೆ. ಆದರೆ ಒಂದಷ್ಟು ದೂರ ಬಿಟ್ಟು ಹಿಂದೆಯೇ ಬಂದಳು. ಗದ್ದೆಯ ಬದುವಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ನಾನು ತಿರುಗಿ ನೋಡಿದಾಗಲೆಲ್ಲ ಆಕೆ ಬೇರೆ ಕಡೆ ನೋಡುತ್ತಿದ್ದಳು, ಯಾವುದೋ ಬೇರೆ ಕೆಲಸಕ್ಕೆ ಹೊರಟವಳ ಹಾಗೆ.

ಶಿಶುವಿಹಾರವೆಂದರೆ ಪೇಟೆಯಲ್ಲಿ ಯಾರೋ ಬಿಟ್ಟುಕೊಟ್ಟಿದ್ದ ಹೆಂಚಿನ ಮನೆಯ ಒಂದು ಕೋಣೆ. ಮಡಿಕೇರಿಯಿಂದ ಬಂದಿದ್ದ ಟೀಚರಮ್ಮ ತೀರಾ ಚಿಕ್ಕವರು, ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಮೇಜಿನ ಹಿಂದೆ ಕೂತಿದ್ದರು. ಒಳಗೆ ಮಕ್ಕಳೆಲ್ಲ ಒಂದೇ ಸಮ ಅಳುತ್ತಿದ್ದರು. ಮಲಯಾಳದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ ಬೇರೆಬೇರೆಯಾಗಿ ಕರೆದರೂ ಎಲ್ಲರೂ ಕರೆಯುತ್ತಿದ್ದದ್ದು ಅವರವರ ತಾಯಿಯನ್ನೇ. ನಾನು ಅಳಲಿಲ್ಲ. ಅತ್ತರೆ ಯಾರನ್ನು ಕರೆಯಬೇಕೆಂದು ನನಗೆ ಗೊತ್ತಾಗಲಿಲ್ಲ.

ಟೀಚರಮ್ಮ ನನ್ನ ಹೆಸರು, ಅಪ್ಪನ ಹೆಸರು ಬರೆದುಕೊಂಡರು. "ತಾಯಿ ನೀವೇನಾ?"

"ಹೌದು, ನಾನೇ" ಎಂದಳು ಪಕ್ಕದ ಮನೆಯವಳು, ಒಂಚೂರೂ ತಡವರಿಸದೆ.

ನಾನು ಬಾಗಿಲ ಕಡೆ ನೋಡಿದೆ. ಅಮ್ಮ ಹೊಸ್ತಿಲಾಚೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಎಷ್ಟನೇ ಮಗು ಇದು?"

"ಎಂಟನೇದು ಅಂತ ಬರೀರಿ. ಮೊದಲಿನ ಏಳೂ ಗಟ್ಟಿ ಉಂಟು, ದೇವರು ದೊಡ್ಡವನು."

ಟೀಚರಮ್ಮ ಲೇಖನಿ ಅದ್ದಿದರು.

"ನಾಲ್ಕನೇದು" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಎಲ್ಲರೂ ತಿರುಗಿದರು. ಅಮ್ಮ ಹೊಸ್ತಿಲು ದಾಟಿ ಬಂದಿದ್ದಳು. "ಎಂಟನೇದಲ್ಲ ಕಣಮ್ಮ, ನಾಲ್ಕನೇದು. ಮೊದ್ಲು ಮೂರಿದ್ವು. ಎರಡು ಗಂಡು, ಒಂದು ಹೆಣ್ಣು. ಇದ್ವು. ಅವನ್ನ ಬಿಟ್ಟು ಬರೀಬೇಡಿ. ಇದು ನಾಲ್ಕನೇದು. ನನ್ನ ಮಗಳು."

ಆ ಮೂವರು ಗಂಡೋ ಹೆಣ್ಣೋ ಎಂಬುದೂ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವರ ಮಾತೇ ಬರುತ್ತಿರಲಿಲ್ಲ. ನನ್ನನ್ನು ತನ್ನವಳಲ್ಲ ಎನ್ನುವುದನ್ನು ಆಕೆ ನಾಲ್ಕು ವರ್ಷ ಸಹಿಸಿಕೊಂಡಿದ್ದಳು. ಆ ಮೂವರನ್ನು ಲೆಕ್ಕಕ್ಕೇ ಇಲ್ಲದ ಹಾಗೆ ಮಾಡುವುದನ್ನು ಸಹಿಸಲಾಗಲಿಲ್ಲ.

"ಎಂತ ಮಾಡಿದೆ ಮಾರಾಯ್ತಿ!" ಎಂದು ಪಕ್ಕದ ಮನೆಯವಳು ಕೆನ್ನೆಗೆ ಕೈ ಇಟ್ಟುಕೊಂಡಳು. ಆಮೇಲೆ ಅಮ್ಮನನ್ನು ತಬ್ಬಿಕೊಂಡು ತಾನೂ ಅತ್ತಳು. ಟೀಚರಮ್ಮ ಒಬ್ಬರ ಮುಖವನ್ನು ಬಿಟ್ಟು ಒಬ್ಬರ ಮುಖ ನೋಡಿದರು, ಕೊನೆಗೆ ಅಮ್ಮನ ಹೆಸರು ಕೇಳಿ ಬರೆದುಕೊಂಡರು.

ಹತ್ತು ಗಂಟೆಗೆ ಉಳಿದ ತಾಯಂದಿರೆಲ್ಲ ಹೋದರು. ಪಕ್ಕದ ಮನೆಯವಳೂ ಹೋದಳು. ಅಮ್ಮ ಮೆಟ್ಟಿಲ ಮೇಲೆ ಕೂತಳು. ನಾವು ಒಳಗೆ ಚಪ್ಪಾಳೆ ತಟ್ಟಿ ಹಾಡು ಕಲಿಯುವಾಗ ಗಳಿಗೆಗೊಮ್ಮೆ ಕಿಟಕಿಯಲ್ಲಿ ಆಕೆಯ ಮುಖ ಕಾಣುವುದು, ನನ್ನನ್ನು ಹುಡುಕುವುದು, ಮರೆಯಾಗುವುದು. ಕೊನೆಗೆ ಟೀಚರಮ್ಮನೇ ಹೊರಗೆ ಹೋದರು.

"ಅಮ್ಮಾ, ಮಗು ಅಳ್ತಾನೂ ಇಲ್ಲ, ಆಡ್ಕೊಂಡಿದೆ. ನೀವಿನ್ನು ಮನೆಗೆ ಹೋಗಿ."

"ಇಲ್ಲ ತಾಯಿ, ಇವತ್ತೊಂದಿನ ಇಲ್ಲೇ ಕೂತಿರ್ತೀನಿ" ಎಂದಳು ಅಮ್ಮ. "ಈಗ್ತಾನೆ ಬಾಯ್ಬಿಟ್ಟು ಹೇಳ್ಬಿಟ್ಟಿದೀನಿ."