‘ಎಲ್ಲೂ ಹೋಗಿಲ್ಲ’ ಅಂದಿದ್ದೆ

ಕೇಳಬೇಕಾದವರನ್ನು ಕೇಳಲಿಲ್ಲ ಅಂದಳೋ, ಕೇಳಿದಾಗ ಹೇಳಲಿಲ್ಲ ಅಂದಳೋ... ಲ್ಯಾಬಿನ ಮಂಗಳಾ ಅಂದದ್ದು ಈಗ ಸರಿಯಾಗಿ ನೆನಪಾಗುತ್ತಿಲ್ಲ.

ಯಾವುದೇ ಆದರೂ ಅದು ನನಗೇ ಅಂದದ್ದು.

ತಮ್ಮನ ಮಗಳು ಧನ್ಯಾಗೆ ಮೂರು ವರ್ಷ. ಒಂದು ಮಧ್ಯಾಹ್ನ ಹಲ್ಲು ಕಟಕಟ ಎನ್ನುವಂತೆ ನಡುಗಿದಳು, ಬೆವರಿದಳು. ಮಾರನೆಯ ದಿನ ಮಗ್ಗದ ಕೆಳಗೆ ನುಸುಳಿ ರೇಷ್ಮೆ ಎಳೆ ಆಯುತ್ತಿದ್ದಳು.

ಅದರ ಮಾರನೆಯ ದಿನ ಮತ್ತೆ ನಡುಕ.

ಮಗು ಆಡಿದ ದಿನವೆಲ್ಲ ಅವ್ವ “ವಾಸಿಯಾಯ್ತು ಬುಡು” ಅನ್ನುತ್ತಿದ್ದಳು.

ಕೊಳ್ಳೇಗಾಲದ ಮಕ್ಕಳ ಡಾಕ್ಟರು ಮೊದಲ ದಿನವೇ ಕೇಳಿದ್ದರು, ಈಚೆಗೆ ದೂರದ ಊರಿಗೆ ಎಲ್ಲಾದರೂ ಹೋಗಿದ್ದಿರಾ ಅಂತ. ಕೇಳಿದ್ದು ಮಗುವನ್ನು ಎತ್ತಿಕೊಂಡಿದ್ದ ತಾಯಿ ಸೆಲ್ವಿಯನ್ನು.

ಉತ್ತರ ಕೊಟ್ಟದ್ದು ನಾನು. ಆಸ್ಪತ್ರೆ, ಆಫೀಸು ಅಂದರೆ ನಮ್ಮ ಮನೆಯಲ್ಲಿ ಮಾತಾಡುವವನು ನಾನೇ.

“ಎಲ್ಲೂ ಹೋಗಿಲ್ಲ ಡಾಕ್ಟ್ರೇ. ಮಗ್ಗ ಬಿಟ್ಟು ಎಲ್ಲಿಗೆ ಹೋಗೋದು?”

ಡಾಕ್ಟರು ನಕ್ಕರು. ವೈರಲ್ ಇರಬಹುದು ಅಂದರು. ಆಮೇಲೆ ಟೈಫಾಯ್ಡ್ ಟೆಸ್ಟ್ ಆಯಿತು, ಅದರಲ್ಲೂ ಏನೂ ಇಲ್ಲ.

ಹತ್ತು ದಿನವಾಯಿತು. ಮಗುವಿನ ತುಟಿ ಬಿಳಿಚಿಕೊಂಡಿದೆ. ನನ್ನ ಬೆರಳು ಹಿಡಿದ ಕೈಯಲ್ಲಿ ಬಿಗಿಯೇ ಇಲ್ಲ. ನಾನು ಲ್ಯಾಬಿನ ಬಾಗಿಲಲ್ಲಿ ಕೂರಲಾರದೆ, ನಿಲ್ಲಲಾರದೆ...

ಯಳಂದೂರಿನಿಂದ ದಿನಾ ಬಸ್ಸಲ್ಲಿ ಬರುವ ಮಂಗಳಾ ಮತ್ತೆ ಸೂಜಿ ತೆಗೆದಳು. ಕಂಡದ್ದೇ ಧನ್ಯಾ ಚೀರಿದಳು: “ಪಾಟಿ! ಪಾಟೀ!”

“ಯಾರವ್ವಾ ಅದು ಪಾಟಿ?”

“ನಮ್ಮವ್ವ ಕಣಕ್ಕ, ಚೆನ್ನೈಲವ್ರೆ,” ಅಂದಳು ಸೆಲ್ವಿ. “ಎರಡ್ನೇದರ ಬಾಣಂತನಕ್ಕೆ ಓಗಿದ್ನಲ್ಲ, ಇವ್ಳೂ ಮೂರು ತಿಂಗ್ಳು ಅಲ್ಲೇ ಇದ್ಲು. ಬಂದು ಎರಡು ತಿಂಗ್ಳಾಯ್ತು.”

ಮಂಗಳಾಳ ಕೈ ನಿಂತಿತು. “ಎಲ್ಲೂ ಓಗಿಲ್ಲ ಅಂತ ಡಾಕ್ಟ್ರು ಚೀಟೀಲಿ ಬರ್ದವ್ರೆ?”

ಸೆಲ್ವಿ ನನ್ನನ್ನು ನೋಡಿದಳು.

“ಅದು ತವರಲ್ವಾ...” ಅಂದೆ.

“ತವರಾದ್ರೆ ಸೊಳ್ಳೆ ಕಚ್ಚಾಕಿಲ್ವಾ ಸಾ?”

ಅವಳೇ ಒಳಗೆ ಹೋಗಿ ಡಾಕ್ಟರಿಗೆ ಹೇಳಿದಳು. ಆ ದಿನದ ರಕ್ತದಲ್ಲಿ ಏನೂ ಕಾಣಲಿಲ್ಲ. ಮಾರನೆಯ ದಿನ ನಡುಗುತ್ತಿರುವಾಗಲೇ ಎತ್ತಿಕೊಂಡು ಓಡಿದೆವು. ಗಾಜಿನ ಮೇಲೆ ಸವರಿದ ಹನಿಯಲ್ಲಿ ಮಲೇರಿಯಾ ಸಿಕ್ಕಿತು. ಕೆಲವು ಸಲ ಅದು ತಿಂಗಳುಗಟ್ಟಲೆ ಮೈಯಲ್ಲಿ ಅಡಗಿದ್ದು ಏಳುತ್ತದಂತೆ.

ಹದಿನಾಲ್ಕು ದಿನದ ಮಾತ್ರೆ. ಮಗು ಉಳಿಯಿತು. ಚೆನ್ನೈಯಲ್ಲಿ ಹುಟ್ಟಿದ ಕೂಸಿನ ರಕ್ತವನ್ನೂ ನೋಡಿಸಿದೆವು, ಏನೂ ಇರಲಿಲ್ಲ.

ಅವ್ವ ಇನ್ನೂ ಒಪ್ಪಿಲ್ಲ. “ಮನೆಯಿಂದ ಮನೆಗೆ ಓದ್ರೆ ಅದ್ನೂ ಊರಿಗೋದ್ರು ಅಂತಾರೇನ್ಲಾ?”

ಮೊನ್ನೆ ಸೆಲ್ವಿ ಮಕ್ಕಳನ್ನು ಕರೆದುಕೊಂಡು ಹೊರಟಳು. ಸೊಳ್ಳೆಪರದೆಯನ್ನು ಮಡಚಿ ಬ್ಯಾಗಿಗೆ ತುರುಕಿ, ಹೊಸಿಲಲ್ಲಿ ನಿಂತು ಅಂದಳು: “ಚೆನ್ನೈಗೆ ಓಯ್ತಾ ಇವ್ನಿ ಬಾವ. ಬರ್ಕಳಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲಿಂದ ಮನೆಯೊಳಗೆ ಸುಮ್ಮನೆ ಓಡಾಡುತ್ತಿದ್ದೇನೆ...

ಸೆಲ್ವಿ, ಆ ಹತ್ತು ದಿನ ನೀನು ಸುಮ್ಮನಿದ್ದದ್ದು ತವರು ನಿನಗೂ ಲೆಕ್ಕಕ್ಕೆ ಬರಲಿಲ್ಲ ಅಂತಲೋ, ಬಾವನ ಮಾತಿನ ಮೇಲೆ ಮಾತಾಡಬಾರದು ಅಂತಲೋ?